ಮೊದಲ ವರ್ಷದ ಕಡತ

"ಮೊದ್ಲು ಉಂಡ್ಬಿಡಪ್ಪ ಕಾಟಲಿಂಗ, ಕಡತ ಎಲ್ಲಿಗೂ ಓಡಿ ಹೋಗಾದಿಲ್ಲ" ಎಂದು ಮರುಳಸಿದ್ದಮ್ಮ ಅಂದಾಗ ಕಾಟಲಿಂಗಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಬಂದ ಕೂಡಲೇ ಕೇಳಿದ್ದಕ್ಕೆ ಕಾಲಿಗೆ ನೀರು ಕೊಟ್ಟಿದ್ದಳು. ಎರಡನೆಯ ಸಲ ಕೇಳಿದ್ದಕ್ಕೆ ಅವನ ಹೆಂಡತಿ ಕೆಂಚಕ್ಕನ ಮಂಡಿನೋವಿನ ವಿಚಾರ ತೆಗೆದಿದ್ದಳು. ಈಗ ಮುದ್ದೆ. ಹೊಳಲ್ಕೆರೆಯಿಂದ ಚಿಕ್ಕಜಾಜೂರಿಗೆ ಬೆಳಗಿನ ತಂಪಿನಲ್ಲೇ ನಡೆದು ಬಂದಿದ್ದ ಅವನಿಗೆ ಹಸಿವೇನೋ ಆಗಿತ್ತು. ಆದರೆ ಜೀವವೆಲ್ಲ ಕಡತದ ಮೇಲಿತ್ತು.

ಪಡಸಾಲೆಯಲ್ಲಿ ಮಣೆ ಹಾಕಿದ್ದರೂ ಅವನು ಅಡುಗೆಮನೆಯ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತ. ಅದನ್ನು ನೋಡಿ ಅವಳಿಗೆ ನಗು ಬಂತು.

"ನಿನ್ನ ಹಳೇ ಚಾಳಿ ಹೋಗ್ಲಿಲ್ಲ ನೋಡು" ಎಂದು ಕಂಚಿನ ತಟ್ಟೆಯನ್ನು ಅಲ್ಲಿಗೇ ತಂದಿಟ್ಟು, ಹುರುಳಿ ಸಾರು ಬಿಟ್ಟಳು.

ಅದು ಅವಳ ಮಗಳ ಮನೆ. ಅಳಿಯ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಗಂಡ ಮುರುಗೇಶಪ್ಪ ಮೇಷ್ಟ್ರು ತೀರಿಕೊಂಡ ಮೇಲೆ, ಹನ್ನೆರಡು ವರ್ಷದ ಹಿಂದೆ, ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ಹೊಳಲ್ಕೆರೆಯಿಂದ ಇಲ್ಲಿಗೆ ಬಂದಿದ್ದಳು. ಆ ಪೆಟ್ಟಿಗೆಯಲ್ಲೇ ಮೊದಲ ವರ್ಷದ ಕಡತವಿದೆ ಎಂಬುದು ಹೊಳಲ್ಕೆರೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ಹೊಳಲ್ಕೆರೆಯಲ್ಲಿ ಹಾಕಿದ ಪಾಠಶಾಲೆಗೆ ಈಗ, ಅಂದರೆ ಸಾವಿರದ ಒಂಬೈನೂರ ಹದಿನಾರನೆಯ ಇಸವಿಗೆ, ಇಪ್ಪತ್ತೈದು ತುಂಬುತ್ತಿತ್ತು. ಊರವರು ಅದನ್ನು ಕಾಲೇಜು ಎಂದು ಕರೆಯಲು ಶುರುಮಾಡಿ ಮೂರು ವರ್ಷವಾಗಿತ್ತು. ಇದ್ದಿದ್ದು ಮೂರು ಕೋಣೆ, ಅರವತ್ತು ವಿದ್ಯಾರ್ಥಿಗಳು, ಒಂದು ಗಂಟೆ. ಸರ್ಕಾರವೂ ಹಾಗೇ ಕರೆಯಬೇಕಾದರೆ ಸಂಸ್ಥೆಯ ಚರಿತ್ರೆ ಬರೆದು ಕಳಿಸಬೇಕಾಗಿತ್ತು. ಹಳೆಯದೆಲ್ಲ ಇದ್ದದ್ದು ಅಲ್ಲಿನ ದಫ್ತರು ನೋಡಿಕೊಳ್ಳುವ ಕಾಟಲಿಂಗಪ್ಪನ ವಶದಲ್ಲಿ. ಸೇರ್ಪಡೆಯ ಪುಸ್ತಕ, ಹಾಜರಿ, ತನಿಖೆಗೆ ಬಂದವರು ಬರೆದ ಮಾತು, ಮೇಷ್ಟ್ರು ಇಲಾಖೆಗೆ ಬರೆದ ಕಾಗದಗಳ ನಕಲು, ಎಲ್ಲವನ್ನೂ ಅವನು ಕೆಂಪು ಬಟ್ಟೆಯಲ್ಲಿ ಕಟ್ಟಿ, ನಡುವೆ ಬೇವಿನೆಲೆ ಇಟ್ಟು, ಬೀರುವಿನಲ್ಲಿ ಜೋಡಿಸಿದ್ದ. ತಿಂಗಳಿಗೊಮ್ಮೆ ಗಂಟು ಬಿಚ್ಚಿ ಬಿಸಿಲು ಕಾಣಿಸುತ್ತಿದ್ದ. ವಿದ್ಯಾರ್ಥಿಗಳು ಆ ಬೀರುವಿಗೆ ಕಾಟಣ್ಣನ ಸಂಸಾರ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಒಳಗೊಳಗೇ ಖುಷಿಯೇ.

ಆದರೆ ಆ ಸಂಸಾರದಲ್ಲಿ ಹಿರಿಯ ಮಗನೇ ಇರಲಿಲ್ಲ. ಮೊದಲ ವರ್ಷ ಯಾರು ಯಾರು ಸೇರಿದರು ಎಂಬುದಕ್ಕೆ ಕಾಗದ ಇರಲಿಲ್ಲ. ಮೇಷ್ಟ್ರ ಒಂದು ಪತ್ರದ ನಕಲಿನಲ್ಲಿ "ಮೊದಲನೆಯ ವರ್ಷ ಇಪ್ಪತ್ತನಾಲ್ಕು ಮಂದಿ ಸೇರಿದರು" ಎಂಬ ಒಂದು ಸಾಲು ಮಾತ್ರ ಇತ್ತು. ಈಗಿನ ಮುಖ್ಯೋಪಾಧ್ಯಾಯ ಶಿವಕುಮಾರಪ್ಪನವರು ಆ ಇಪ್ಪತ್ತನಾಲ್ಕು ಹೆಸರು ಅಚ್ಚಾಗಲೇಬೇಕು ಎಂದು ಹಠ ಹಿಡಿದರು. ಅದಕ್ಕೆಂದು ಕರೆದ ಸಭೆಯಲ್ಲಿ ಆ ಮೊದಲ ವರ್ಷದ ಸಾಲಿನ ವಿದ್ಯಾರ್ಥಿ, ಈಗ ಜವಳಿ ಅಂಗಡಿಯ ಯಜಮಾನ ಜಂಬಣ್ಣ ಇದ್ದ.

"ಕಾಟಣ್ಣನೂ ಆಗ್ಲೇ ಇದ್ನಲ್ಲ" ಎಂದು ಯಾರೋ ಅಂದರು.

"ಇದ್ದ, ಇದ್ದ. ಪಾಠಶಾಲೆ ಹಸ ನೋಡ್ಕಳಾಕೆ ಬಂದಿದ್ದ, ಅಲ್ವೇನಪ್ಪ?" ಎಂದ ಜಂಬಣ್ಣ.

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಎಲ್ಲರೂ ನಕ್ಕರು. ಕಾಟಲಿಂಗಪ್ಪನೂ ನಕ್ಕ. ಆದರೆ ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ.

ಜಂಬಣ್ಣ ಹೇಳಿದ್ದು ಸುಳ್ಳೂ ಅಲ್ಲ. ಯಲ್ಲದಕೆರೆಯ ಕುರಿಹಟ್ಟಿಯಿಂದ ಅವನು ಬಂದಾಗ ಇಪ್ಪತ್ತು ವರ್ಷ, ಮೂತಿಯ ಮೇಲೆ ಮೀಸೆ. ಕೆಲಸ ಐದು ಹಸು ನೋಡಿಕೊಳ್ಳುವುದು. ಕಿಟಕಿಯಾಚೆ ನಿಂತು ಮಗ್ಗಿ ಕೇಳುತ್ತಿದ್ದವನನ್ನು ಮೇಷ್ಟ್ರು ಒಂದು ದಿನ ಒಳಗೆ ಕರೆದರು. ಹೆಸರು ಕೇಳಿದರು. ಬಳಪದಲ್ಲಿ ಕಪ್ಪು ಬಟ್ಟೆಯ ಕಡತದ ಮೇಲೆ ಏನೋ ಬರೆದುಕೊಂಡರು. ಅವನಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುವಷ್ಟರಲ್ಲಿ ವರ್ಷ ಕಳೆದು ಆ ಕಡತ ಪೆಟ್ಟಿಗೆ ಸೇರಿತ್ತು. ತೋರಿಸಿ ಎಂದು ಕೇಳಲು ನಾಚಿಕೆ. ಇಪ್ಪತ್ತೈದು ವರ್ಷದಿಂದ ಅವನು ಹೆಂಡತಿಗೆ, ಬೀಗರಿಗೆ, ಹಟ್ಟಿಯವರಿಗೆಲ್ಲ ತಾನು ಕಾಲೇಜಿನ ಮೊದಲ ಸಾಲಿನವನು ಎಂದೇ ಹೇಳಿಕೊಂಡು ಬಂದಿದ್ದ. ಅವತ್ತು ಮೇಷ್ಟ್ರು ಬರೆದುಕೊಂಡದ್ದು ವಿದ್ಯಾರ್ಥಿಯ ಹೆಸರೋ, ಹಸು ಕಾಯುವವನ ಹೆಸರೋ? ಕಡತ ನೋಡಿದರೆ ಗೊತ್ತಾಗುತ್ತದೆ.

ಊಟ ಮುಗಿಯಿತು. ಮರುಳಸಿದ್ದಮ್ಮ ಇನ್ನು ತಪ್ಪಿಸಿಕೊಳ್ಳಲು ಏನೂ ಉಳಿಯಲಿಲ್ಲವೆಂಬಂತೆ ಒಳಗೆ ಹೋಗಿ, ಬಿಳಿ ಬಟ್ಟೆಯ ಗಂಟೊಂದನ್ನು ತಂದು ಅವನ ಮುಂದಿಟ್ಟಳು. ಅವನು ಕೈ ತೊಳೆದು, ಒರೆಸಿಕೊಂಡು, ಕಣ್ಣಿಗೊತ್ತಿಕೊಂಡು ಗಂಟು ಬಿಚ್ಚಿದ. ಮೂಲೆ ಸುಟ್ಟ ಕಡತ. ದೀಪ ತಗುಲಿ ಸುಟ್ಟದ್ದು ಅವನಿಗೂ ನೆನಪಿತ್ತು, ಅದೇ ಕಡತ. ಮಡಿಕೆ ಬಿಡಿಸಿದ. ಕಪ್ಪಗೆ ಹೊಳೆಯಿತು. ಇನ್ನೊಂದು ಮಡಿಕೆ ಬಿಡಿಸಿದ, ತಿರುಗಿಸಿದ, ಕೊನೆಯವರೆಗೂ ಬಿಡಿಸಿ ನೆಲದ ಮೇಲೆ ಹಾಸಿದ.

ಒಂದು ಅಕ್ಷರವೂ ಇರಲಿಲ್ಲ.

"ಅವ್ವಾ, ಇದೇನು?"

"ನಾನೇ ಬಳಿದ್ಬಿಟ್ಟೆ ಕಣಪ್ಪ" ಎಂದಳು ಅವಳು. ಮುಖ ನೋಡಲಿಲ್ಲ.

ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿದರೆ ಕಡತ. ಬೇಕಾದ್ದನ್ನು ಬಳಪದಲ್ಲಿ ಬರೆದುಕೊಳ್ಳಬಹುದು. ಬೇಡವಾದಾಗ ಮೇಲೆ ಇನ್ನೊಂದು ಕೈ ಬಳಿದರೆ ಹಳೆಯದೆಲ್ಲ ಮುಚ್ಚಿಹೋಗಿ ಬಟ್ಟೆ ಹೊಸದಾಗುತ್ತದೆ. ಪಾಠಶಾಲೆಯಲ್ಲಿ ಪ್ರತಿ ದೀಪಾವಳಿಗೆ ಮೇಷ್ಟ್ರು ಹಿಂದಿನ ವರ್ಷದ ಕಡತಗಳನ್ನು ಕಾಗದದ ಪುಸ್ತಕಕ್ಕೆ ಇಳಿಸಿ ಹೆಂಡತಿಯ ಕೈಗೆ ಕೊಡುತ್ತಿದ್ದರು. ಅವಳು ಬಳಿದು ಕೊಡುತ್ತಿದ್ದಳು. ಮೊದಲ ವರ್ಷದ್ದನ್ನು ಮಾತ್ರ ಅವರು ಕಾಗದಕ್ಕೆ ಇಳಿಸಲೂ ಇಲ್ಲ, ಅಳಿಸಲು ಕೊಡಲೂ ಇಲ್ಲ. ಅದು ಹಾಗೇ ಇರಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

"ಜ್ವರದಾಗೆ ಮಲಗಿದ್ರಲ್ಲ, ಆಗ ಒಂದಿನ ಅದನ್ನ ಪೆಟ್ಟಿಗೆಯಿಂದ ತೆಗಿಸ್ಕಂಡ್ರು. ಹುಡುಗ್ರ ಹೆಸ್ರು ನೋಡ್ಬೇಕು ಅನ್ಸಿತ್ತೋ ಏನೋ. ನೋಡಿ, ಬಳಿಯೋ ಕಡತದ ಪಕ್ಕಕ್ಕೇ ಇಟ್ಟಿದ್ರು. ದೀಪಾವಳಿ ಹತ್ರ ಬಂದಿತ್ತು. 'ಬಳಿದಿಡು, ಹಬ್ಬ ಆದ್ಮ್ಯಾಲೆ ಹುಡುಗ್ರು ಬರ್ತಾವೆ' ಅಂದ್ರು. ನಂಗೆ ಓದಾಕೆ ಬರ್ತದಾ? ಕಣ್ಣು ತುಂಬ ನೀರು. ಅಲ್ಲಿದ್ದಿದ್ದೆಲ್ಲಾ ಬಾಚ್ಕಂಡು ಹೋಗಿ ಬಳಿದು ಬಿಸ್ಲಿಗೆ ಹಾಕ್ದೆ. ಮೂಲೆ ಸುಟ್ಟಿದ್ದು ಕಂಡಿದ್ದು ಒಣಗಿದ ಮ್ಯಾಲೆ."

"ಮೇಷ್ಟ್ರಿಗೆ ಗೊತ್ತಾತಾ?"

"ಮಡಿಚಿ ತಂದು ಕೈಗೆ ಕೊಟ್ಟೆ. ಏನು ಅಂತ ಹೇಳ್ಲಿ? ಬಿಚ್ಚಿ ನೋಡಿದ್ರು. ಬಾಳ ಹೊತ್ತು ನೋಡಿದ್ರು. ಆಮ್ಯಾಲೆ ಕೈಯಾಡಿಸಿ, 'ಚೆನ್ನಾಗಿ ಬಂದೈತೆ ಸಿದ್ದಮ್ಮ' ಅಂದ್ರು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಾಲ್ಕನೇ ದಿನಕ್ಕೆ ಹೋದ್ರು. ಒಂದ್ಸಲ ಬೈದಿದ್ರೆ ನಂಗೆ ಇಷ್ಟು ವರ್ಷ ಹಿಂಗೆ ಆಗ್ತಿರ್ಲಿಲ್ಲ."

ಕಾಟಲಿಂಗಪ್ಪನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ. ಹೊರಗೆ ಗೂಡ್ಸು ಗಾಡಿಯೊಂದು ಉಸಿರು ಬಿಡುತ್ತ ನಿಂತಿತ್ತು. ಅದು ಹೊರಟು, ಸದ್ದು ದೂರವಾಗುವವರೆಗೂ ಅವನು ಕಪ್ಪು ಬಟ್ಟೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ.

"ಅದ್ರಾಗೆ ನಿನ್ನ ಹೆಸ್ರು ನೋಡ್ಬೇಕು ಅಂತ ಬಂದಿದ್ಯೇನಪ್ಪ?"

ಅವನು ತಲೆಯಾಡಿಸಿದ. "ಜಂಬಣ್ಣ ನಾನು ಹಸ ಕಾಯಾಕೆ ಬಂದೋನು ಅಂದ ಅವ್ವಾ. ಸುಳ್ಳಲ್ಲ ಬಿಡ್ರಿ. ಆದ್ರೆ ಮೇಷ್ಟ್ರು ನನ್ನ ಯಾವ ಲೆಕ್ಕದಾಗೆ ಇಟ್ಕಂಡಿದ್ರು ಅಂತ ಒಂದ್ಸಲ ನೋಡ್ಬೇಕಿತ್ತು."

ಮರುಳಸಿದ್ದಮ್ಮ ಎದ್ದು ಹೋಗಿ ಗೂಡಿನಿಂದ ಒಂದು ತುಂಡು ಬಳಪ ತಂದು ಅವನ ಕೈಗೆ ಕೊಟ್ಟಳು. ಸಾರಿನ ಖಾಲಿ ಸೌಟನ್ನು ತಾನು ಹಿಡಿದುಕೊಂಡಳು.

"ನಂಗೆ ಅಕ್ಷರ ಗೊತ್ತಿಲ್ಲ. ಸಾಲು ಗೊತ್ತೈತೆ. ಊರಿನ ಹುಡುಗ್ರೂ ಮಧ್ಯಾಹ್ನಕ್ಕೆ ನಮ್ಮನೇಲೇ ಉಣ್ಬೇಕು ಅಂತ ಕಟ್ಟು ಮಾಡಿದ್ರಲ್ಲ ಅವ್ರು? ಕಡತದಾಗೆ ಯಾವ ಸಾಲೋ ಊಟಕ್ಕೂ ಅದೇ ಸಾಲು. ಬರ್ಕ, ಅದ್ರ ಮ್ಯಾಲೇ ಬರ್ಕ. ಬಟ್ಟೆ ಗಟ್ಟಿ ಐತೆ."

ಅವಳು ಪಡಸಾಲೆಯ ಮೂಲೆಗೆ ಹೋಗಿ ನಿಂತಳು. ಬಗ್ಗಿ, ಬರಿ ನೆಲಕ್ಕೆ ಒಂದು ಸೌಟು ಬಡಿಸಿದಳು.

"ಕಂಬದ ಪಕ್ಕ ಜಂಬಣ್ಣ. ಬದ್ನೇಕಾಯಿ ಎತ್ತಿ ಪಕ್ಕದ ಎಲೆಗೆ ಹಾಕಾನು, ಕಳ್ಳ. ಆ ಪಕ್ಕದೋನು ಮೂರ್ತಪ್ಪ, ಸಿರಿಗೆರೆ ಕಡೇನು. ಯಾರು ಏನು ಹಾಕಿದ್ರೂ ತಿನ್ನಾನು." ಒಂದು ಹೆಜ್ಜೆ ಮುಂದಿಟ್ಟಳು. "ಯತ್ತಪ್ಪ. ಎಡಗೈಲಿ ಉಣ್ಣಾಕೆ ಹೋಗಿ ಬೈಸ್ಕಂತಿದ್ದ. ಅವನಾದ್ಮ್ಯಾಲೆ ಮುದ್ದಣ್ಣ, ಪಾಪ, ಮಾರನೇ ವರ್ಷ ಹೋಗ್ಬಿಟ್ಟ. ಎರಡು ಸೌಟು ಮಜ್ಜಿಗೆ ಬೇಕು ಅವನಿಗೆ."

ಕಾಟಲಿಂಗಪ್ಪ ಬರೆಯತೊಡಗಿದ. ಅವಳು ಒಂದೊಂದೇ ಹೆಜ್ಜೆಗೆ ಬಗ್ಗಿ, ಬಡಿಸಿ, ಏಳುತ್ತಿದ್ದಳು. ಯಾವ ಹೆಸರಿಗೂ ತಡವರಿಸಲಿಲ್ಲ. ಒಮ್ಮೆ ಮಾತ್ರ ಇಬ್ಬರನ್ನು ದಾಟಿ ಹೋಗಿದ್ದವಳು ಹಿಂದಕ್ಕೆ ಬಂದು, "ದಾಸಣ್ಣ, ಮರ್ತಿದ್ದೆ ಕಣಪ್ಪ ನಿನ್ನ" ಎಂದು ಬರಿ ಜಾಗಕ್ಕೆ ಹೇಳಿ ಬಡಿಸಿದಳು. ಅಳಿಯನ ಪಡಸಾಲೆ ಗಿಡ್ಡ. ಹತ್ತು ಮಂದಿಗೇ ಗೋಡೆ ಬಂತು.

"ಇನ್ನೂ ಅಷ್ಟು ಜನ ಅವ್ರೆ, ಬಾ" ಎಂದು ಅವಳು ಹೊರಗೆ ಅಂಗಳಕ್ಕೆ ಇಳಿದಳು. ಅವನು ಕಡತ ಎತ್ತಿಕೊಂಡು ಹಿಂದೆ ಹೋದ. ಬೇವಿನ ಮರದ ಬುಡದವರೆಗೂ ಸಾಲು ನಡೆಯಿತು. ಕೋಳಿಗಳು ಏನೋ ಬಿದ್ದಿರಬೇಕೆಂದು ಅವಳ ಕಾಲ ಹಿಂದೆಯೇ ಬಂದು ನೆಲ ಕುಕ್ಕಿ ನೋಡಿದವು. ಅವನಿಗೆ ಒಬ್ಬೊಬ್ಬರ ಮುಖವೂ ಕಣ್ಣಿಗೆ ಕಟ್ಟಿತು. ಆದರೆ ಪ್ರತಿ ಸಲ ಅವಳು ಬಗ್ಗಿದಾಗಲೂ ಮುಂದಿನ ಹೆಸರು ತನ್ನದೇ ಇರಬಹುದೇ ಎಂದು ಬಳಪ ಎತ್ತಿ ಹಿಡಿದು ಕಾಯುತ್ತಿದ್ದ.

"ಕೊನೇಲಿ ಗೊಲ್ಲಪ್ಪ, ಹೊಸದುರ್ಗದೋನು. ಅಷ್ಟೆ. ಸಾಲು ಮುಗೀತು" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

ಅವನು ಎಣಿಸಿದ. ಮತ್ತೆ ಮೇಲಿನಿಂದ ಎಣಿಸಿದ.

"ಇಪ್ಪತ್ಮೂರೇ ಆತು ಅವ್ವಾ."

"ಸರಿಯಾಗೈತೆ. ದಿನಾ ಬೆಳಿಗ್ಗೆ ಎದ್ದು ನಾನು ಹಚ್ತಿದ್ದಿದ್ದು ಇಪ್ಪತ್ಮೂರು ಮುತ್ತುಗದ ಎಲೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಅವನು ಸಾಲಿನಲ್ಲಿ ಇರಲಿಲ್ಲ. ಗೊತ್ತಿದ್ದದ್ದೇ. ಮೀಸೆ ಬಂದವನು ಹತ್ತು ವರ್ಷದ ಹುಡುಗರ ಮಧ್ಯೆ ಕೂರಲು ನಾಚಿ ಒಂದು ದಿನವೂ ಆ ಸಾಲಿಗೆ ಹೋಗಿದ್ದವನಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಉಂಡು, ತನ್ನ ತಟ್ಟೆ ತಾನೇ ತೊಳೆದಿಟ್ಟು ಹಸುಗಳ ಹತ್ತಿರ ಹೋಗುತ್ತಿದ್ದ. ಜಂಬಣ್ಣ ನೋಡಿದ್ದೂ ಅದನ್ನೇ. ಇನ್ನು ಬೇರೆ ಏನು ಹೇಳಿಯಾನು?

"ಮೇಷ್ಟ್ರು ಕಾಗದದಾಗೆ ಇಪ್ಪತ್ನಾಲ್ಕು ಅಂತ ಬರ್ದಾರೆ" ಎಂದ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಮತ್ತೆ? ಇಪ್ಪತ್ನಾಲ್ಕೇ" ಎಂದಳು ಅವಳು. "ಅವ್ರು ದಿನಾ ಅಡುಗೆಮನೆ ಬಾಗ್ಲಿಗೆ ಬಂದು ಕೇಳಾರು. 'ಸಿದ್ದಮ್ಮ, ನಮ್ಮ ಹುಡುಗ್ರು ಇಪ್ಪತ್ನಾಲ್ಕೂ ಉಂಡ್ರಾ?' ಅಂತ. ಉಂಡ್ರು ಅಂದ್ಮ್ಯಾಲೇ ಅವ್ರು ಕೈ ತೊಳ್ಕಣಾರು. ನಾನು ಎಲೆ ಎಣಿಸಾಕೆ ಇಪ್ಪತ್ಮೂರು, ಅವ್ರು ಮಕ್ಕಳನ್ನ ಎಣಿಸಾಕೆ ಇಪ್ಪತ್ನಾಲ್ಕು. ನೀನು ಎಲೆ ಮ್ಯಾಲೆ ಯಾವತ್ತು ಉಂಡೀಯೋ? ನಿಂದು ತಟ್ಟೆ."

ಬೇವಿನ ಮರದ ಕೆಳಗೆ ಅವನು ಹಾಗೇ ಕೂತುಬಿಟ್ಟ. ನಲವತ್ತೈದು ವರ್ಷದ, ಮೀಸೆ ಅರ್ಧ ಬೆಳ್ಳಗಾದ ಗಂಡಸು, ಮೊಣಕಾಲ ಮೇಲೆ ಕಡತ ಇಟ್ಟುಕೊಂಡು ಅತ್ತ. ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಕೋಳಿಗಳನ್ನು ಓಡಿಸಿದಳು.

ಸ್ವಲ್ಪ ಹೊತ್ತಿಗೆ ಅವನು ಕಣ್ಣೊರೆಸಿಕೊಂಡು ಎದ್ದ. ಒಳಗೆ ಹೋಗಿ, ಕಡತವನ್ನು ಹೊಸ್ತಿಲ ಮೇಲಿಟ್ಟು, ತಾನು ಉಂಡು ಬಿಟ್ಟು ಅಲ್ಲೇ ಒಣಗುತ್ತಿದ್ದ ಕಂಚಿನ ತಟ್ಟೆಗೆ ತೊಳೆಯಲೆಂದು ಅಭ್ಯಾಸಬಲದಿಂದ ಕೈಹಾಕಿದ. ಮರುಳಸಿದ್ದಮ್ಮ ಬಂದು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬಿಡು. ಮೇಷ್ಟ್ರ ಹುಡುಗ್ರು ಯಾರೂ ಎಲೆ ತೆಗೀತಿರ್ಲಿಲ್ಲ, ನಾನೇ ತೆಗೀತಿದ್ದೆ. ನೀನು ಕುಂತ್ಕಂಡು ಬರಿ."

ಅವಳು ತಟ್ಟೆ ಹಿಡಿದು ಹಿತ್ತಲಿಗೆ ಹೋದಳು. ಅವನು ಗೋಡೆಗೆ ಒರಗಿ ಕೂತು, ಗೊಲ್ಲಪ್ಪನ ಕೆಳಗೆ ಇನ್ನೊಂದು ಸಾಲು ಶುರುಮಾಡಿದ. ಹೆಸರು ಬರೆದ. ಊರು ಯಲ್ಲದಕೆರೆ ಎಂದು ಬರೆದ. ಹಿತ್ತಲಲ್ಲಿ ಅವಳು ಬೂದಿ ಹಾಕಿ ತಟ್ಟೆ ಉಜ್ಜುತ್ತಿದ್ದಳು.