ಡೀಸೆಲ್ ಕಂಬಿಗೆ ಮೆತ್ತಿದ ಮಣ್ಣು

ಲಾರಿಯ ಮೀಟರ್ ಮುಳ್ಳನ್ನು ಅವನು ನಂಬುತ್ತಿರಲಿಲ್ಲ. ಬಂಕಿನವನನ್ನಂತೂ ಮೊದಲೇ ನಂಬುತ್ತಿರಲಿಲ್ಲ. ಟ್ಯಾಂಕಿಗೆ ಕಬ್ಬಿಣದ ಕಂಬಿ ಇಳಿಸಿ, ಡೀಸೆಲ್ ಎಷ್ಟನೇ ಗೀರಿನ ತನಕ ಇದೆ ಅಂತ ಕಣ್ಣಾರೆ ಕಂಡರೇ ಸಮಾಧಾನ. ಅದಕ್ಕೇ ಊರವರೆಲ್ಲ ಅವನನ್ನು ಡೀಸೆಲಣ್ಣ ಅನ್ನುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಶೆಡ್ಡಿನ ಮೊಳೆಯಿಂದ ಕಂಬಿ ತೆಗೆದು ನೋಡಿದರೆ, ಎರಡನೇ ಗೀರಿನಲ್ಲಿ ಹಸಿ ಮಣ್ಣು.

"ಯಾರೋ ನನ್ನ ಕಂಬಿ ಮುಟ್ಟಿದ್ದಾರೆ," ಅಂದ.

"ಮುಟ್ಟಿದ್ರೆ ಸವೆದುಹೋಗುತ್ತಾ?" ಅಂದಳು ಹೆಂಡತಿ, ಪಾತ್ರೆ ಉಜ್ಜುತ್ತಾ, ತಲೆ ಎತ್ತದೆ.

ಅವಳು ತಲೆ ಎತ್ತದ್ದೂ ಅವನಿಗೆ ಅನುಮಾನವೇ.

ಹೊಲಕ್ಕೆ ಹೋದರೆ ಅಲ್ಲಿ ಇನ್ನೊಂದು ವಿಚಿತ್ರ. ಟೊಮೆಟೊ ಸಾಲುಗಳ ನಡುವೆ ಬೆರಳು ಗಾತ್ರದ ತೂತುಗಳು. ದಿನಾ ನೀರು ಬಿಟ್ಟರೂ ಗಿಡಗಳು ಹಳದಿ ತಿರುಗಿ ಜೋತು ಬಿದ್ದಿದ್ದವು. ಆ ತುದಿಯ ನಾಲ್ಕೇ ನಾಲ್ಕು ಸಾಲು ಮಾತ್ರ ಹಸಿರಾಗಿ ನಗುತ್ತಿದ್ದವು. ಹೋದ ಸಲದ ಬೆಳೆಯೂ ಹೀಗೇ ಮಣ್ಣುಪಾಲಾಗಿತ್ತು. ಇದೂ ಹೋದರೆ ಲಾರಿ ಮಾರುವುದು ಅಂತ ಮನೆಯಲ್ಲಿ ಮಾತಾಗಿತ್ತು. ಲಾರಿ ಮಾರುವುದು ಅಂದರೆ ಅವನಿಗೆ ಕೈ ಕಡಿದುಕೊಂಡ ಹಾಗೆ.

ಅನುಮಾನ ನೆಟ್ಟಗೆ ಹೋಗಿ ಭಾಮೈದ ಟರ್ಬೊನ ಹೆಗಲೇರಿ ಕೂತಿತು. ಟರ್ಬೊಗೂ ಒಂದು ಲಾರಿ, ಪಕ್ಕದಲ್ಲೇ ಒಂದು ಮಳೆಯಾಶ್ರಿತ ಹೊಲ. ಭಾನುವಾರ ಇಬ್ಬರೂ ಜೊತೆಗೆ ಲಾರಿ ತೊಳೆಯುವುದು ರೂಢಿ. ಮೊದಲು ಇಂಜಿನ್ ಹೋಲಿಕೆ, ಆಮೇಲೆ ಹೊಲದ ಹೋಲಿಕೆ.

"ನಿನ್ನದು ಮೋಡ ನೋಡೋ ಹೊಲ ಕಣೋ. ನನ್ನದು ವಾಲ್ವ್ ತಿರುಗಿಸೋ ಹೊಲ," ಅಂದ ಡೀಸೆಲಣ್ಣ.

"ಹೌದು ಭಾವ. ಆದ್ರೆ ನನ್ನ ಸೂರ್ಯಕಾಂತಿ ಕತ್ತೆತ್ತಿ ನಿಂತಿದೆ. ನಿಮ್ಮ ಟೊಮೆಟೊ ಪರೀಕ್ಷೆಲಿ ಫೇಲಾದವರ ಥರ ನೆಲ ನೋಡ್ತಿದೆ."

"ಬಾಯಾರಿದೆ, ಅಷ್ಟೇ. ಸಂಜೆ ಇನ್ನೊಂದು ಸಲ ನೀರು ಬಿಡ್ತೀನಿ."

ಟರ್ಬೊ ಗಂಟಲಲ್ಲೇ ಹಳೇ ಇಂಜಿನ್ ಕೆಮ್ಮುವ ಸದ್ದು ಮಾಡಿದ. "ಖೊಕ್... ಖೊಕ್... ಭಾವ, ನೀರು ಸಾಕು..." ಡೀಸೆಲಣ್ಣನಿಗೆ ನಗು ಬರಲಿಲ್ಲ. ತೂತು ಕೊರೆದವನು ಇವನೇ ಅಂತ ಖಾತ್ರಿಯಾಯಿತು.

ಮರುದಿನ ಬೆಳಕು ಹರಿಯುತ್ತಲೇ ಲಾರಿಯ ಸೀಟಿನಲ್ಲಿ ಬಗ್ಗಿ ಕೂತು ಕಾದ. ಶೆಡ್ಡಿಗೆ ಬಂದು ಕಂಬಿ ತೆಗೆದವಳು ಅವನ ಹೆಂಡತಿ. ಹಿಂದೆಯೇ ಹೋದ. ಹೊಲದಲ್ಲಿ ಟರ್ಬೊ ಕಾಯುತ್ತಿದ್ದ.

"ಸಿಕ್ಕಿಬಿದ್ರಿ ಅಕ್ಕ ತಮ್ಮ ಇಬ್ರೂ."

"ಸಿಕ್ಕಿಬೀಳೋಕೆ ನಾವೇನು ಟೊಮೆಟೊ ಕದ್ವಾ?" ಅಂದಳು ಅವಳು. "ಬನ್ನಿ ಇಲ್ಲಿ. ಹೇಳಿದ್ರೆ ನಂಬೋರಲ್ಲ ನೀವು, ನೋಡಿ."

ಹಳದಿ ಗಿಡದ ಬುಡದಲ್ಲಿ ಕಂಬಿ ಒತ್ತಿದಳು. ಅದು ಸರ್ರನೆ ಹಿಡಿಯ ತನಕ ಇಳಿಯಿತು. "ಟ್ಯಾಂಕ್ ಫುಲ್. ಫುಲ್ ಟ್ಯಾಂಕಿಗೆ ದಿನಾ ಡೀಸೆಲ್ ಸುರೀತಿದ್ದೀರಿ."

"ಮತ್ತೆ ಬಾಡೋದ್ಯಾಕೆ?"

"ಭಾವ," ಅಂದ ಟರ್ಬೊ, "ಏರ್ ಫಿಲ್ಟರಿಗೆ ನೀರು ನುಗ್ಗಿದ್ರೆ ಇಂಜಿನ್ ಏನಾಗುತ್ತೆ?"

"ಉಸಿರು ಕಟ್ಟಿ ನಿಲ್ಲುತ್ತೆ." ಹೇಳಿದವನು ಬಗ್ಗಿ ಗಿಡದ ಬುಡ ನೋಡಿದ.

"ಬೇರಿಗೂ ಉಸಿರು ಬೇಕು," ಅಂದಳು ಹೆಂಡತಿ. "ನಮ್ಮ ಸಂಘಕ್ಕೆ ಬಂದ ಕೃಷಿ ಮೇಡಂ ಹೇಳಿದ್ರು. ನೀವು ಬಿಟ್ಟ ನೀರು ನುಗ್ಗದ ಹಾಗೆ ಆ ನಾಲ್ಕು ಸಾಲಿನ ಬಾಯಿಗೆ ನಾನೇ ಮಣ್ಣು ಕಟ್ಟಿದ್ದೆ. ಕಂಬಿ ಇಳಿಯದ ದಿನ ಮಾತ್ರ ನೀರು ಬಿಡ್ತೀನಿ."

"ಆ ಮೇಡಂ ಏನು ಮಾರ್ತಾರೆ?"

"ಏನೂ ಇಲ್ಲ. ಕಂಬಿ ನಿಮ್ಮದು, ಮಣ್ಣು ನಮ್ಮದು."

ಆದರೂ ನಂಬದೆ ಒಂದು ಹಳದಿ ಗಿಡ ಕಿತ್ತ. ಬೇರು ಕಂದಾಗಿ, ಲೋಳೆಯಾಗಿ, ನಾತ ಹೊಡೆಯಿತು. ಹಸಿರು ಗಿಡದ ಪಕ್ಕ ಬೆರಳಲ್ಲೇ ಕೆದಕಿದ. ಬಿಳೀ ಬೇರು, ಹಲ್ಲಿನಷ್ಟು ಗಟ್ಟಿ.

"ನಿನಗಿದು ಮೊದಲೇ ಗೊತ್ತಿತ್ತೇನೋ?" ಅಂತ ಟರ್ಬೊನನ್ನು ಕೇಳಿದ.

"ಮಳೆ ಎಷ್ಟು ಆಳಕ್ಕೆ ಇಳಿದಿದೆ ಅಂತ ಕಂಬಿ ಚುಚ್ಚಿ ನೋಡದೆ ನಾನು ಬಿತ್ತೋದೇ ಇಲ್ಲ ಭಾವ. ಇರೋದೇ ಅಷ್ಟು ನೀರು. ನಂಗೂ ವಾಲ್ವ್ ಇದ್ದಿದ್ರೆ ನಿಮ್ಮ ಹಾಗೇ ಸುರೀತಿದ್ದೆ."

ಅವತ್ತು ಡೀಸೆಲಣ್ಣ ವಾಲ್ವ್ ಮುಟ್ಟಲಿಲ್ಲ. ಹೆಂಡತಿಯ ಮಾತು ನಂಬಿ ಅಂತಲ್ಲ. ದಿನಾ ಬೆಳಿಗ್ಗೆ ತಾನೇ ಕಂಬಿ ಚುಚ್ಚಿ ನೋಡಿದ. ತೀರಾ ಕೊಳೆತ ಎರಡು ಸಾಲು ಕೈತಪ್ಪಿದವು. ಉಳಿದವು ಮೂರು ವಾರದಲ್ಲಿ ಚಿಗುರಿದವು. ಮೊದಲ ಕೊಯ್ಲು ಅದೇ ಲಾರಿಯಲ್ಲಿ ಮಾರ್ಕೆಟ್ಟಿಗೆ ಹೋಯಿತು.

ಈಗ ಶೆಡ್ಡಿನಲ್ಲಿ ಎರಡು ಕಂಬಿ ತೂಗುತ್ತವೆ. ಒಂದು ಟ್ಯಾಂಕಿಗೆ, ಒಂದು ಹೊಲಕ್ಕೆ. ಆದರೂ ಟ್ಯಾಂಕಿಗೆ ಇಳಿಸುವ ಮುಂಚೆ, ಮಣ್ಣಿನ ವಾಸನೆ ಇದೆಯಾ ಅಂತ ಅವನು ಕಂಬಿಯನ್ನು ಮೂಸಿ ನೋಡುತ್ತಾನೆ.

"ನನ್ನ ಮೇಲೆ ಇನ್ನೂ ಅನುಮಾನನಾ?" ಅನ್ನುತ್ತಾಳೆ ಹೆಂಡತಿ.

"ಅನುಮಾನದಿಂದಲೇ ತಾನೇ ಲಾರಿ ಉಳಿದಿದ್ದು."

ಓದಿದವರೇ, ಕೇಳಿದವರೇ, ನೀವೂ ಸ್ವಲ್ಪ ಅನುಮಾನ ಪಡಿ. ಎಲೆ ಜೋತು ಬಿದ್ದ ತಕ್ಷಣ ವಾಲ್ವ್ ಕಡೆ ಓಡಬೇಡಿ. ಮೊದಲು ಕಂಬಿ ಚುಚ್ಚಿ. ಗೇಣುದ್ದ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿ ಅಂಗೈ ತೇವವಾದರೆ ಇವತ್ತು ನೀರು ಬೇಡ. ಪುಡಿಯಾಗಿ ಉದುರಿದರೆ ನೀರು ಬಿಡಿ. ಮರಳು ಮಣ್ಣಿನವರು, ಸಂದೇಹ ಇರುವವರು ಹತ್ತಿರದ ಕೃಷಿ ಕಚೇರಿಯಲ್ಲಿ ಕೇಳಿ. ನಾಳೆ ಬೆಳಿಗ್ಗೆ ನಿಮ್ಮ ಹೊಲದಲ್ಲೂ ಒಂದು ತೂತು ಇರಲಿ.