ಮೂವತ್ತೇಳು ಪಾಯಿಂಟ್ ಆರು

“ಹದಿಮೂರು ಸಲ, ಅಣ್ಣಾ. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಹದಿಮೂರು ಸಲಾನೂ ಕಾವು ಮೂವತ್ತೇಳು ಪಾಯಿಂಟ್ ಆರು. ಗೋಡೆ ಗಡಿಯಾರ ನಿಂತುಹೋದ್ರೂ ನೋಡೋರಿಗೆ ಅನುಮಾನ ಬರುತ್ತೆ.”

ಅಕ್ಕ ನೋಟ್‌ಬುಕ್ಕನ್ನು ರಿಪೇರಿಯಣ್ಣನ ಮುಂದೆ ಎಸೆದಳು. ಕೋಳಿಮರಿ ಮಾಡಿಸುವ ಆ ಮನೆಯ ಒಡತಿ ಅವಳು. ವಯಸ್ಸಿನಲ್ಲಿ ಹಿರಿಯನಾದ ರಿಪೇರಿಯಣ್ಣನಿಗೂ ಅಕ್ಕನೇ. ಅವಳ ಸ್ವಂತ ತಮ್ಮ ಬಾಗಿಲ ಹತ್ತಿರ ಬಟ್ಟೆಬರೆ ತುಂಬಿದ ಚೀಲ ಹಿಡಿದು ಹೊರಡಲು ನಿಂತಿದ್ದ. ಮೂರು ವರ್ಷದಿಂದ ಕಾವುಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದವನು ಅವನೇ.

ಹಿತ್ತಲಿನಲ್ಲಿ ಮೂರನೇ ಪೆಟ್ಟಿಗೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹದಿನೆಂಟು ದಿನ ಕಾವು ಕಂಡ ಒಂಬೈನೂರು ಮೊಟ್ಟೆ. ಇನ್ನು ಮೂರು ದಿನಕ್ಕೆ ಮರಿಗಳು ಹೊರಗೆ ಬರಬೇಕಿತ್ತು. ನಿನ್ನೆ ಅಕ್ಕ ಊರಲ್ಲಿಲ್ಲದಾಗ ಬಿಸಿ ನಿಲ್ಲಿಸುವ ಸ್ವಿಚ್ಚು ಅಂಟಿಕೊಂಡು ಒಂದೂ ಉಳಿದಿರಲಿಲ್ಲ.

“ಬಿಸಿ ಏರಿದ್ರೆ ಕಂಪ್ಯೂಟರ್ ಕೂಗ್ಬೇಕಿತ್ತು. ಇವನೇ ಅದರ ಬಾಯಿ ಮುಚ್ಚಿಸಿ ಮಲಗಿರ್ತಾನೆ. ಎದ್ದಮೇಲೆ ಒಂದೇ ಉಸಿರಿಗೆ ಪುಟ ತುಂಬಿಸಿದ್ದಾನೆ.”

ತಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. ಅನ್ನಬೇಕಾದ್ದನ್ನು ಅವನು ನಿನ್ನೆಯೇ ಅಂದು ಮುಗಿಸಿದ್ದಂತಿತ್ತು.

ರಿಪೇರಿಯಣ್ಣ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ. ಕಾವು ನೋಡುವ ಪ್ರೋಗ್ರಾಮು ಈ ಹಳೇ ಡಬ್ಬಿಯ ಹೊರತು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಪೆಟ್ಟಿಗೆಗಳ ತಂತಿ ಸಿಕ್ಕಿಸಲು ಡಬ್ಬಿಗಿದ್ದದ್ದು ಎರಡೇ ಸೀರಿಯಲ್ ಪೋರ್ಟು. ಮೂರನೇ ಪೆಟ್ಟಿಗೆಗೆಂದು ಹೋದ ತಿಂಗಳು ಇನ್ನೊಂದು ಕಾರ್ಡು ಕೂರಿಸಿದವನು ಅವನೇ. “ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಜೋಡಿಸ್ತೀನಿ” ಎಂದು ಅವತ್ತು ನಗಾಡಿದ್ದ. ನಿಜಕ್ಕೂ ಬೆರಳಿನಿಂದಲೇ ಜೋಡಿಸಿದ್ದ. ಒಂದು ವರ್ಷದಿಂದ ಅವನ ನೋಟದ ನಟ್ಟನಡುವೆ ಬೂದಿಬಣ್ಣದ ಮಚ್ಚೆಯೊಂದು ಕೂತಿತ್ತು. ಏನನ್ನು ದಿಟ್ಟಿಸಿದರೂ ಮೊದಲು ಮರೆಯಾಗುವುದು ಆ ದಿಟ್ಟಿಸಿದ್ದೇ. ಹೆಂಡತಿಗೂ ಹೇಳಿರಲಿಲ್ಲ.

ಕಾರ್ಡಿನ ಅಂಚಿಗೆ ಬೆರಳು ಹೋಯಿತು. ನಾಲ್ಕು ಜೊತೆ ಮುಳ್ಳಿನಂಥ ಪಿನ್ನು, ಒಂದು ಜೊತೆಯ ಮೇಲೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿ. ಎಡದಿಂದ ಮೂರನೆಯದು. ಅವನು ಕಂಡ ಕಾರ್ಡುಗಳಲ್ಲೆಲ್ಲ ಆ ಜೊತೆಗಳಿಗೆ ಅಚ್ಚು ಹಾಕಿದ ಅಂಕಿ ಎಡದಿಂದ ಮೂರು, ನಾಲ್ಕು, ಐದು, ಏಳು. ಮೂರನೆಯ ಜೊತೆ ಅಂದರೆ ಐದು, ಐದನ್ನು ಬೇರೆ ಯಾವ ಪೆಟ್ಟಿಗೆಯೂ ಹಿಡಿದಿರಲಿಲ್ಲ. ಈ ಕಾರ್ಡಿನಲ್ಲಿ ಅಂಕಿಗಳನ್ನು ತಿರುಗಾಮುರುಗಾ ಅಚ್ಚು ಹಾಕಿದ್ದರೆ?

ಉಗುರಿನಿಂದ ಟೋಪಿಯನ್ನು ಎತ್ತಿ ಪಕ್ಕಕ್ಕೆ ಕೂರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಗುರು ಟೋಪಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

“ತಮ್ಮಾ, ಬಾ ಇಲ್ಲಿ. ಈ ಟೋಪಿ ಕೂತಿರೋ ಕಡೆ ಯಾವ ಅಂಕಿ ಇದೆ, ಓದು.”

ತಮ್ಮ ಬಗ್ಗಿದ. “ನಾಲ್ಕು.” ಆಮೇಲೆ ಮೆಲ್ಲಗೆ, “ನಿಮಗೆ ಕಾಣಲ್ವಾ?”

“ಇಲ್ಲಪ್ಪ.”

ಅಕ್ಕ ಇಬ್ಬರನ್ನೂ ನೋಡಿದಳು. “ನಾಲ್ಕಾದ್ರೆ ಏನೀಗ?”

“ಒಂದೊಂದು ಪೆಟ್ಟಿಗೆಗೂ ಕಂಪ್ಯೂಟರನ್ನ ಕರೆಯೋಕೆ ಬೇರೆ ಬೇರೆ ಗಂಟೆ ಇರ್ಬೇಕು ಅಕ್ಕಾ. ನಾಲ್ಕು ನಿಮ್ಮ ಮೊದಲನೇ ಪೆಟ್ಟಿಗೇದು. ನಾನು ಮೂರನೇದಕ್ಕೂ ಅದನ್ನೇ ಕಟ್ಟಿಬಿಟ್ಟಿದ್ದೀನಿ. ಎರಡೂ ಒಟ್ಟಿಗೆ ಬಾರಿಸೋ ತನಕ ಏನೂ ಗೊತ್ತಾಗಲ್ಲ. ಬಾರಿಸಿದ ದಿನ ಒಂದರ ಮಾತು ಅಲ್ಲಿಗೇ ನಿಂತುಹೋಗುತ್ತೆ. ಪರದೆ ಮೇಲೆ ಹಳೇ ಅಂಕಿನೇ ಕೂತಿರುತ್ತೆ.”

“ಇವನನ್ನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೋಬೇಡಿ.”

“ಒಂದು ಲೋಟ ಬಿಸಿನೀರು ತನ್ನಿ.”

ಕಂಪ್ಯೂಟರ್ ಚಾಲೂ ಮಾಡಿದರು. ಮೂರನೇ ಪೆಟ್ಟಿಗೆಯ ಬಿಸಿ ಅಳೆಯುವ ತಂತಿಯ ತುದಿ ಮೇಜಿನ ಮೇಲಿತ್ತು. ಪರದೆಯಲ್ಲಿ ಇಪ್ಪತ್ತನಾಲ್ಕು ಪಾಯಿಂಟ್ ಒಂದು, ಎರಡು, ಮತ್ತೆ ಒಂದು. ಮೂವರೂ ಕಾದರು. ಮುಕ್ಕಾಲು ಗಂಟೆ ಕಳೆಯಿತು. ಅಕ್ಕ ನೀರನ್ನು ಎರಡು ಸಲ ಕಾಯಿಸಿ ತಂದಳು. ಆಮೇಲೆ ಒಂದು ಹೊತ್ತಿನಲ್ಲಿ ಅಂಕಿ ಅಲುಗಾಡುವುದನ್ನು ಬಿಟ್ಟಿತು. ತಮ್ಮ ತಂತಿಯನ್ನು ಲೋಟಕ್ಕೆ ಇಳಿಬಿಟ್ಟ. ನೀರಿನಿಂದ ಹಬೆ ಏಳುತ್ತಿತ್ತು. ಪರದೆಯಲ್ಲಿ ಇಪ್ಪತ್ತನಾಲ್ಕು ಪಾಯಿಂಟ್ ಒಂದು.

ಅಕ್ಕ ಹಬೆಯನ್ನು ನೋಡಿದಳು, ಪರದೆಯನ್ನು ನೋಡಿದಳು. ನೋಟ್‌ಬುಕ್ಕು ತೆಗೆದು ಹದಿಮೂರು ಸಾಲುಗಳನ್ನು ಬೆರಳಿಟ್ಟು ಓದಿದಳು. ಒಂದೊಂದು ಸಾಲಿನ ಶಾಯಿಯೂ ಒಂದೊಂದು ಥರ. ಎರಡು ಕಡೆ ಪೆನ್ನೇ ಬೇರೆ.

ಕರೆಂಟು ತೆಗೆದು ಟೋಪಿಯನ್ನು ಐದಕ್ಕೆ ಕೂರಿಸಿದ್ದು ತಮ್ಮನೇ. ರಿಪೇರಿಯಣ್ಣ ಹೇಳಿದ, ಅವನು ಮಾಡಿದ. ಸ್ಕ್ರೂ ಬಿಗಿದು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಕೈ ಒರೆಸಿಕೊಂಡು, ತನ್ನ ಚೀಲ ಎತ್ತಿಕೊಂಡ.

“ಊಟ ಮಾಡ್ಕೊಂಡು ಹೋಗೋ,” ಅಂದಳು ಅಕ್ಕ. ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ಗಂಟೆಗೊಂದ್ಸಲ ಎದ್ದು ನೋಡ್ದೆ ಅಂತ ನಿನ್ನೆನೇ ಹೇಳಿದ್ನಲ್ಲ ಅಕ್ಕಾ.”

ಗೇಟಿನ ಚಿಲಕ ಸದ್ದು ಮಾಡಿತು. ರಿಪೇರಿಯಣ್ಣ ತನ್ನ ಉಪಕರಣಗಳನ್ನು ತಡಕಿ ತಡಕಿ ಚೀಲಕ್ಕೆ ಹಾಕಿದ. ಸಣ್ಣ ಸ್ಕ್ರೂಡ್ರೈವರು ಸಿಗಲಿಲ್ಲ, ಹುಡುಕುವುದನ್ನು ಬಿಟ್ಟ. ಲೋಟದಲ್ಲಿ ತಂತಿ ಹಾಗೇ ಇತ್ತು.

“ಈಗ ಎಷ್ಟು ತೋರಿಸ್ತಿದೆ?” ಎಂದು ಕೇಳಿದ.

ಅಕ್ಕ ಪರದೆಯತ್ತ ಬಗ್ಗಿ ಹದಿಮೂರು ಸಾಲುಗಳ ಕೆಳಗೆ ಪೆನ್ನು ಇಟ್ಟಳು. ಕಾಗದದ ಮೇಲೆ ಪೆನ್ನು ಹರಿದಾಡಿದ ಸದ್ದು ಕೇಳಿಸಿತು, ನಿಂತಿತು. ನೀರು ಇನ್ನಷ್ಟು ಆರಿದ ಮೇಲೆ ಮತ್ತೊಮ್ಮೆ ಕೇಳಿಸಿತು.