ಗಂಜಿಯವರು ಕಾಯುತ್ತಿದ್ದಾರೆ

1746ನೇ ಇಸವಿಯ ಏಪ್ರಿಲ್ 16, ಬುಧವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮೀನಿನ ವ್ಯಾನು ಕಲೋಡನ್ ಬಯಲಿನ ಕೆಳಗಿನ ಹಳ್ಳದಲ್ಲಿ ಬಂದು ನಿಂತಿತು. ಆ ಕಾಲದ ಪಂಚಾಂಗ ಈಗಿನದಕ್ಕಿಂತ ಹನ್ನೊಂದು ದಿನ ಹಿಂದಿತ್ತು. ಆ ಲೆಕ್ಕ ತಪ್ಪಬಾರದೆಂದು ನಾನು ಮೂರು ವಾರ ಕೂತಿದ್ದೆ. ತಪ್ಪಲಿಲ್ಲ. ತಪ್ಪಿದ್ದು ಬೇರೆ.

ಮೇಲಿನ ಬಯಲಲ್ಲಿ, ಸಿಂಹಾಸನಕ್ಕಾಗಿ ದಂಗೆಯೆದ್ದಿದ್ದ ರಾಜಕುಮಾರನ ಐದು ಸಾವಿರ ಜನ ಸೈನಿಕರು ಬಿದ್ದುಕೊಂಡಿದ್ದರು. ಇಡೀ ರಾತ್ರಿ ಸುಮ್ಮನೆ ನಡೆದು ವಾಪಸ್ಸು ಬಂದವರು. ಹಿಂದಿನ ದಿನ ತಲೆಗೆ ಒಂದು ಬಿಸ್ಕತ್ತು ಬಿಟ್ಟರೆ ಏನೂ ತಿಂದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸರ್ಕಾರಿ ಸೈನ್ಯ ಬರುತ್ತದೆ, ಎರಡರೊಳಗೆ ಎಲ್ಲ ಮುಗಿಯುತ್ತದೆ. ಫಿರಂಗಿಗಳನ್ನು ನಾನು ತಡೆಯಲಾರೆ. ಹಸಿವನ್ನು ತಡೆಯಬಹುದು ಎಂಬುದು ನನ್ನ ವಾದವಾಗಿತ್ತು. ಅದಕ್ಕೇ ವ್ಯಾನಿನಲ್ಲಿ ನೂರಾ ಅರವತ್ತು ಕಿಲೋ ಓಟ್ಸ್ ನುಚ್ಚು, ಎರಡು ಹಂಡೆ, ಗ್ಯಾಸ್ ಒಲೆ ಇದ್ದವು, ಟೀನಿ ಅತ್ತೆ ಇದ್ದಳು. ನಮ್ಮನ್ನು ನಮ್ಮ ಕಾಲಕ್ಕೆ ವಾಪಸ್ಸು ಒಯ್ಯಬೇಕಾದ ಬ್ಯಾಟರಿಗೆ ಮೂರು ಗಂಟೆ ಆಯುಸ್ಸು.

ಅತ್ತೆ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು. ಐದು ಸಾವಿರ ಜನರ ಬಗ್ಗೆ ಅವಳಿಗೆ ಅಂಥ ಚಿಂತೆಯಿರಲಿಲ್ಲ. ಅವಳು ಬಂದದ್ದು ಒಬ್ಬನಿಗಾಗಿ. ನಮ್ಮ ಎಂಟು ತಲೆ ಹಿಂದಿನ ಅಜ್ಜ ಡಾವಿಟ್ ಪೆಟ್ರಿ, ಕಿರಿಮ್ಯೂರಿನ ನೇಕಾರ, ಇಪ್ಪತ್ತಾರು ವರ್ಷ, ಮನೆಯಲ್ಲಿ ನಾಲ್ಕು ತಿಂಗಳ ಮಗಳು. ಈ ಬಯಲಿನ ಒಂದು ಗುಂಡಿಯಲ್ಲಿ ಮಲಗಿದವನನ್ನು ಯಾರಿಂದಲೂ ಎಬ್ಬಿಸಲಾಗಲಿಲ್ಲ, ಮಲಗಿದ್ದಂತೆಯೇ ಸತ್ತ ಎಂದು ಅವನ ಜೊತೆಗಾರನೊಬ್ಬ ಊರಿಗೆ ಬಂದು ಹೇಳಿದ್ದ. ಆ ಮಗಳ ಪೀಳಿಗೆ ನಾವು.

ಅತ್ತೆ ಹಂಡೆ ಏರಿಸಿದಳು, ನಾನು ಜನರನ್ನು ಕರೆಯಲು ಗುಡ್ಡ ಹತ್ತಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಆಂಗಸ್ ಸೀಮೆಯಲ್ಲಿ ಓಟ್ಸ್ ಗಂಜಿಗೆ ಬಹುವಚನ. ‘ಗಂಜಿ ಆಯಿತು’ ಎನ್ನುವುದಿಲ್ಲ, ‘ಗಂಜಿಯವರು ಆದರು’ ಎನ್ನುತ್ತೇವೆ. ಅತ್ತೆಗೆ ಏಕವಚನ, ಗಂಜಿಗೆ ಬಹುವಚನ. ಯಾಕೆಂದು ಯಾರಿಗೂ ಗೊತ್ತಿಲ್ಲ. ನನಗೆ ಎದುರಾದ ಕಾವಲುಗಾರ ಈಯಖನ್ ಮಾತ್ರ ಆಂಗಸಿನವನಲ್ಲ, ಉತ್ತರದ ಗುಡ್ಡಗಾಡಿನವನು. ನಮ್ಮ ಭಾಷೆಯನ್ನು ದನದ ಸಂತೆಯಲ್ಲಿ ಒಂದಿಷ್ಟು ಕಲಿತಿದ್ದ.

“ಕೆಳಗೆ ಹಳ್ಳದಲ್ಲಿ ಅವರು ರೆಡಿಯಾಗಿದಾರೆ,” ಎಂದೆ. “ಬಿಸಿಬಿಸಿಯಾಗಿದಾರೆ. ಬೇಗ ಬನ್ನಿ, ತಡವಾದ್ರೆ ಗಟ್ಟಿಯಾಗ್ತಾರೆ.”

ಈಯಖನ್ ಕತ್ತಿಯ ಹಿಡಿಗೆ ಕೈ ಹಾಕಿದ. “ಎಷ್ಟು?”

“ನಿಮ್ಮ ಐದು ಸಾವಿರಕ್ಕೂ ಸಾಕಾಗ್ತಾರೆ.”

“ಅವರ ಮುಂದಾಳು ಯಾರು?”

“ನಮ್ಮತ್ತೆ. ಅವಳ ಕೈಯಿಂದ ಇಲ್ಲಿವರೆಗೆ ಒಬ್ಬರೂ ತಪ್ಪಿಸ್ಕೊಂಡಿಲ್ಲ.”

ಅವನು ಓಡಿದ. ಎರಡೇ ನಿಮಿಷಕ್ಕೆ ಬಯಲಿನ ತುಂಬ ಬ್ಯಾಗ್‌ಪೈಪುಗಳು ಕೂಗತೊಡಗಿದವು. ಊಟದ ಕರೆಯೆಂದು ನಾನು ಸಂತೋಷಪಟ್ಟೆ. ಆಮೇಲೆ ಅರವತ್ತು ಜನ ಕತ್ತಿ ಎತ್ತಿಕೊಂಡು, ಎದೆ ಬಿರಿಯುವಂತೆ ಅರಚುತ್ತ ಗುಡ್ಡ ಇಳಿದು ಬಂದರು.

ಅತ್ತೆ ಸೌಟು ಹಿಡಿದು ನೋಡುತ್ತಿದ್ದಳು. ಮುಂದಿನವನು ಹತ್ತು ಹೆಜ್ಜೆ ದೂರದಲ್ಲಿದ್ದಾಗ, ದನಿ ಏರಿಸದೆ, “ಕತ್ತಿ ಕೆಳಗಿಡಿ. ಸಾಲಾಗಿ ನಿಲ್ಲಿ. ತಳ್ಳಿದೋನು ಎಲ್ಲರಿಗಿಂತ ಹಿಂದೆ,” ಎಂದಳು.

ಭಾಷೆ ಎಷ್ಟು ಜನಕ್ಕೆ ತಿಳಿಯಿತೋ ಕಾಣೆ, ಆ ದನಿ ಎಲ್ಲರಿಗೂ ತಿಳಿಯಿತು. ಸಾಲು ನಿಂತರು. ಬಟ್ಟಲು ಸಾಲದೆ ಕೆಲವರು ಗುರಾಣಿ ಮಗುಚಿ ಹಿಡಿದರು. ನಾನು ಸಕ್ಕರೆ ಡಬ್ಬಿ ಚಾಚಿದೆ. ಗಂಜಿಗೆ ಉಪ್ಪು ಬಿಟ್ಟು ಬೇರೇನನ್ನೂ ಕಾಣದ ಆ ಜನ, ಅಲ್ಲಿಯವರೆಗೆ ನನ್ನನ್ನು ನಂಬಿದ್ದವರೂ ಸೇರಿ, ನಾನು ಶತ್ರುವಿನ ಗೂಢಚಾರನೆಂದು ತೀರ್ಮಾನಿಸಿದರು. ಈಯಖನ್ ನನ್ನನ್ನು ವ್ಯಾನಿನ ಚಕ್ರಕ್ಕೆ ಕಟ್ಟಿಹಾಕಿ ಎರಡನೇ ಸಲ ಬಡಿಸಿಕೊಳ್ಳಲು ಹೋದ.

ಮೇಲೆ ಮಾತ್ರ ಅನಾಹುತವಾಗಿತ್ತು. ಹಳ್ಳದಲ್ಲಿ ಐದು ಸಾವಿರ ಶತ್ರುಗಳಿದ್ದಾರೆಂಬ ಸುದ್ದಿಗೆ ಇಡೀ ಸೈನ್ಯ ಎದ್ದು ಸಾಲುಗಟ್ಟಿತ್ತು. ಅದು ಗಂಜಿಯೆಂದು ಈಯಖನ್ ಹೇಳಿಕಳಿಸಿದರೂ ಅಧಿಕಾರಿಗಳು ನಂಬಲಿಲ್ಲ, ಯಾರನ್ನೂ ಸಾಲು ಬಿಡಗೊಡಲಿಲ್ಲ. ಉಣ್ಣಿಸಲು ಬಂದ ನಾನು ಐದು ಸಾವಿರ ಜನರಿಗೆ ಉಳಿದಿದ್ದ ಒಂದಿಷ್ಟು ನಿದ್ದೆಯನ್ನೂ ಕೆಡಿಸಿದ್ದೆ.

ಅತ್ತೆ ಬಡಿಸುವಾಗ ಪ್ರತಿಯೊಬ್ಬನ ಹೆಸರು, ಊರು ಕೇಳುತ್ತಿದ್ದಳು. ನಲವತ್ತೆರಡನೆಯವನು ಕಿರಿಮ್ಯೂರು ಎಂದ. ಗುಂಡಿಯಲ್ಲಿ ಸತ್ತವನಂತೆ ಮಲಗಿದ್ದೆ, ಪೈಪು ಕೂಗದಿದ್ದರೆ ಏಳುತ್ತಲೇ ಇರಲಿಲ್ಲ ಎಂದ. ಕೂದಲಲ್ಲಿ ಇನ್ನೂ ಮಣ್ಣಿತ್ತು, ಕಿವಿ ನನ್ನ ಕಿವಿಯಷ್ಟೇ ಅಗಲ. ಅತ್ತೆಯ ಸೌಟು ಒಂದು ಕ್ಷಣ ನಿಂತಿತು. ಆಮೇಲೆ ಎಂಟು ತಲೆ ಹಿಂದಿನ ಅಜ್ಜನಿಗೆ, “ಬಾ ಮಗಾ,” ಎಂದಳು.

ಅವನು ನಿಂತೇ ನಾಲ್ಕು ಸಲ ಹಾಕಿಸಿಕೊಂಡು ತಿಂದ. ಬಾಯಿ ಒರೆಸಿಕೊಂಡು ಮೇಲಿನ ಸೈನ್ಯದ ಸಾಲಿಗೆ ಹೊರಟ. ಕಟ್ಟಿಹಾಕಿದಲ್ಲಿಂದಲೇ ನಾನು ಅವನಿಗೆ ಮುಂದಾಗುವುದನ್ನೆಲ್ಲ ಗಂಟೆ, ನಿಮಿಷ, ಸತ್ತವರ ಸಂಖ್ಯೆ ಸಮೇತ ವಿವರಿಸಿದೆ. ಕುಡಿದವನ ಮಾತು ಕೇಳುವಂತೆ ಸಮಾಧಾನದಿಂದ ಕೇಳಿದ. ಮನೆಗೆ ಹೋಗು ಎಂದಳು ಅತ್ತೆ.

“ನಮ್ಮೋರು ನಿಂತಿದಾರಮ್ಮಾ. ನಾನೊಬ್ಬ ಹೊಟ್ಟೆ ತುಂಬಿಸ್ಕೊಂಡು ಓಡಿಹೋದ್ರೆ ನಾಳೆ ಮಗಳಿಗೆ ಏನಂತ ಹೇಳ್ಲಿ?”

ಗಂಟೆ ಒಂಬತ್ತೂಕಾಲು. ಅತ್ತೆ ವಾದಿಸಲಿಲ್ಲ. ಉಳಿದ ಗಂಜಿಯನ್ನು ಒಂದು ಮೀನಿನ ಪೆಟ್ಟಿಗೆಗೆ ಸುರಿದಳು. ನಮ್ಮ ಕಡೆ ಹಿಂದೆಲ್ಲ ಗಂಜಿಯನ್ನು ಕಪಾಟಿನ ಖಾನೆಯಲ್ಲಿ ಸುರಿದು, ಹೆಪ್ಪುಗಟ್ಟಿದ ಮೇಲೆ ಕೊಯ್ದು ತಿನ್ನುತ್ತಿದ್ದರು. ಬಯಲಿನಿಂದ ದೂರ, ದಕ್ಷಿಣದಲ್ಲಿ ನದಿ ದಾಟುವ ಕಡವಿನ ಕಾವಲಿನವರು ಏನಾದರೂ ತಿಂದಿದ್ದಾರಾ ಎಂದು ಕೇಳಿದಳು. ನಿನ್ನೆಯಿಂದ ಇಲ್ಲ ಎಂದ.

“ಇವರು ತಣ್ಣಗಾಗ್ತಿದಾರೆ ಮಗಾ,” ಎಂದಳು. “ಇವರನ್ನ ಹಿಂಗೇ ಹಳ್ಳದಲ್ಲಿ ಬಿಟ್ಟು ಹೋಗ್ತೀಯಾ?”

ಡಾವಿಟ್ ಪೆಟ್ಟಿಗೆಯನ್ನು ನೋಡಿದ, ಬಯಲನ್ನು ನೋಡಿದ, ಮತ್ತೆ ಪೆಟ್ಟಿಗೆಯನ್ನು ನೋಡಿದ. ಅವನು ಆಂಗಸಿನವನು.

“ಇವರನ್ನ ಮುಟ್ಟಿಸಿ ಓಡಿ ಬರ್ತೀನಿ.”

“ಬಾ. ಹೋಗೋವಾಗ ಮಾತ್ರ ಓಡ್ಬೇಡ, ಅಲುಗಾಡಿದ್ರೆ ಇವರು ಹೆಪ್ಪುಗಟ್ಟಲ್ಲ. ಪೂರ್ತಿ ಗಟ್ಟಿಯಾಗೋವರೆಗೂ ಪಕ್ಕದಲ್ಲೇ ಕೂತಿದ್ದು, ನೀನೇ ಕುಯ್ದು ಹಂಚು. ಬೇರೆಯೋರ ಕೈಗೆ ಚಾಕು ಕೊಡ್ಬೇಡ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿನೆಂಟು ಕಿಲೋ ಗಂಜಿ, ಐದು ಡಿಗ್ರಿ ಚಳಿ. ನಡುವಿನ ಭಾಗ ಕೊಯ್ಯುವಷ್ಟು ಗಟ್ಟಿಯಾಗಲು ಕಡಿಮೆಯೆಂದರೂ ನಾಲ್ಕು ಗಂಟೆ; ಕೊಯ್ದು ಹಂಚಿ ಮುಗಿಯುವಷ್ಟರಲ್ಲಿ ಎರಡು ದಾಟಿರುತ್ತದೆ. ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನ ಕಟ್ಟು ಬಿಚ್ಚುತ್ತ, ಬಾಯಿ ಮುಚ್ಚಿಕೊಂಡಿರು ಎಂದು ಕಣ್ಣಲ್ಲೇ ಹೇಳಿದಳು.

ಒಂಬತ್ತೂವರೆಗೆ ಅವನು ಪೆಟ್ಟಿಗೆಯನ್ನು ಎದೆಗಾನಿಸಿಕೊಂಡು, ಮಲಗಿದ ಮಗುವನ್ನು ಹೊತ್ತವನ ಹಾಗೆ ಹೆಜ್ಜೆ ನೋಡಿ ನೋಡಿ ದಕ್ಷಿಣಕ್ಕೆ ಹೊರಟ. ಆಲಿಕಲ್ಲಿನ ಮಳೆ ಶುರುವಾಯಿತು. ಅತ್ತೆಗೆ ಕಣ್ಣು ಮಂಜು. ನಾನು ಗಾಲ್ಫ್ ಆಡುವಾಗ ಬಳಸುವ ದೂರಮಾಪಕವನ್ನು ಅವನ ಬೆನ್ನಿಗೆ ಹಿಡಿದೆ. ಎಷ್ಟು ದೂರ ಹೋದ ಎಂದು ಅವಳು ನಿಮಿಷಕ್ಕೊಮ್ಮೆ ಕೇಳಿದಳು, ನಾನು ಓದಿ ಹೇಳಿದೆ. ಹಿಂದೆ ತಿರುಗಿ ನೋಡಿದನಾ ಎಂದೂ ಕೇಳಿದಳು. ಇಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದಾನೆ ಎಂದೆ.

ಒಂಬತ್ತು ನಲವತ್ತಕ್ಕೆ ವ್ಯಾನಿನ ಬಾಗಿಲು ಎಳೆದುಕೊಂಡೆವು. ಕೊನೆಯ ಅಳತೆ 648 ಮೀಟರ್.